ಮನೆಯವರ ಹಳೇ ಫೋನ್ ಕೈಗೆ ಬಂದಿದೆ, ಶುರು ಆಗ್ತಿಲ್ವಾ? ಲಕ್ಷಣ ನೋಡಿ ದೋಷ ಹಿಡಿಯೋಣ

ಬೆಂಗಳೂರಲ್ಲಿ ಕೆಲಸಕ್ಕಿರುವ ಮಗ ಹೊಸ ಫೋನ್ ತಗೊಳ್ತಾನೆ, ಹಳೇದು ಸಿಂಧನೂರಿನ ಅಪ್ಪನಿಗೆ ಬರುತ್ತದೆ. ಅಕ್ಕನ ಫೋನ್ ಕಾಲೇಜಿಗೆ ಸೇರಿದ ತಂಗಿಗೆ ಬರುತ್ತದೆ, ಕಾಕಾನದು ಅಣ್ಣನ ಮಗನಿಗೆ. ಬಳ್ಳಾರಿ, ರಾಯಚೂರು, ಕೊಪ್ಪಳದ ಕಡೆ ಎಷ್ಟೋ ಮನೆಗಳಲ್ಲಿ ಫೋನ್‌ಗಳು ಹೀಗೇ ಕೈ ದಾಟುತ್ತವೆ. ಕೈಗೆ ಬಂದ ಮೇಲೆ ತಕರಾರು ಶುರು. ಯಾರದೋ ಜಿಮೇಲ್ ಕೇಳುತ್ತೆ, ಸಿಮ್ ಹಿಡಿಯಲ್ಲ, ಫೋನ್‌ಪೇ ತೆರೆಯಲ್ಲ. "ಫೋನೇ ಹಾಳಾಗಿದೆ" ಅಂತ ಅಂಗಡಿಗೆ ಒಯ್ದರೆ ದುಡ್ಡು ಹೋಗುತ್ತೆ.

ಬಹಳಷ್ಟು ಸಲ ಅದು ಯಂತ್ರದ ದೋಷವೇ ಅಲ್ಲ. ಹಳೆಯ ಮಾಲೀಕರದ್ದು ಏನೋ ಒಂದು ಒಳಗೆ ಉಳಿದಿರುತ್ತದೆ: ಖಾತೆ, ನಂಬರ್, ಭಾಷೆ, ಯಾವುದೋ ಸೆಟ್ಟಿಂಗ್. ಅದಕ್ಕೇ ಎಲ್ಲಕ್ಕಿಂತ ಮೊದಲ ಪರೀಕ್ಷೆ, ಪೈಸೆ ಖರ್ಚಿಲ್ಲದ್ದು: ಕೊಟ್ಟವರಿಗೆ ಒಂದು ಕರೆ. ಲಾಕ್ ಪಿನ್ ಯಾವುದು, ಯಾವ ಜಿಮೇಲ್ ಹಾಕಿದ್ರಿ, ಕಂತಿನಲ್ಲಿ ತಗೊಂಡಿದ್ದಾ, ನೀರಿಗೆ ಬಿದ್ದಿತ್ತಾ, ಬ್ಯಾಟರಿ ಅಥವಾ ಡಿಸ್‌ಪ್ಲೇ ಬದಲಾಯಿಸಿದ್ರಾ, ಇಷ್ಟು ಕೇಳಿ ಬರೆದಿಟ್ಟುಕೊಳ್ಳಿ. ಮುಂದಿನ ಅರ್ಧ ಕೆಲಸ ಅಲ್ಲೇ ಮುಗಿಯುತ್ತದೆ.

ಮತ್ತೆ ಒಂದು ಮಾತು. ಸಿಕ್ಕ ಕೂಡಲೇ ಫ್ಯಾಕ್ಟರಿ ರಿಸೆಟ್, ಅಂದ್ರೆ ಒಳಗಿನದೆಲ್ಲ ಅಳಿಸಿ ಹೊಸದರಂತೆ ಮಾಡುವುದು, ಮಾಡಬೇಡಿ. ಯಾಕೆ ಅಂತ ಕೆಳಗೆ ಹೇಳ್ತೀನಿ.

ಹಿಂಬದಿ ಉಬ್ಬಿದೆ, ಸ್ಕ್ರೀನ್ ಅಂಚಲ್ಲಿ ಎದ್ದಿದೆ

ಚಾರ್ಜಿಗೆ ಹಾಕುವ ಮೊದಲೇ ಇದನ್ನು ನೋಡಿ. ಬೀರುವಿನಲ್ಲಿ ವರ್ಷಗಟ್ಟಲೆ ಬಿದ್ದಿದ್ದ ಫೋನ್ ಆದರೆ ಖಂಡಿತ ನೋಡಿ. ಕವರ್ ತೆಗೆಯಿರಿ, ಬದಿಯಿಂದ ಕಣ್ಣಿಟ್ಟು ಅಂಚಿನ ಸಂದು ನೋಡಿ. ಸ್ಕ್ರೀನ್ ಅಥವಾ ಹಿಂಬದಿ ಒಂದು ಕಡೆ ಮೇಲೆದ್ದು ಸಂದು ಅಗಲ ಆಗಿದ್ದರೆ ಬ್ಯಾಟರಿ ಉಬ್ಬಿದೆ ಅಂತ ಅರ್ಥ. ಕೆಲವರು ಮೇಜಿನ ಮೇಲೆ ಇಟ್ಟು ತಿರುಗಿಸುತ್ತಾರೆ, ಬುಗುರಿಯಂತೆ ಸುತ್ತಿದರೆ ಉಬ್ಬಿದೆ ಅಂತ. ಆದರೆ ಕ್ಯಾಮೆರಾ ಹೊರಗೆ ಚಾಚಿರುವ ಫೋನ್‌ಗಳಲ್ಲಿ ಆ ಪರೀಕ್ಷೆ ನಂಬುವಂತಿಲ್ಲ. ಸಂದು ನೋಡೋದೇ ಸರಿ.

ಉಬ್ಬಿದ್ದರೆ ಇಲ್ಲಿಗೇ ನಿಲ್ಲಿಸಿ. ಚಾರ್ಜ್ ಹಾಕಬೇಡಿ, ಒತ್ತಿ ಕೂರಿಸಬೇಡಿ, ಪಿನ್ನಿನಿಂದ ಚುಚ್ಚಿ ಗಾಳಿ ಬಿಡುವ ಪ್ರಯತ್ನವಂತೂ ಬೇಡವೇ ಬೇಡ. ಲಿಥಿಯಂ ಬ್ಯಾಟರಿಗೆ ತೂತು ಬಿದ್ದರೆ ಬೆಂಕಿ ಹತ್ತಬಹುದು. ಆಫ್ ಮಾಡಿ, ಹಾಸಿಗೆ, ಹತ್ತಿ, ಮೇವು ಯಾವುದೂ ಹತ್ತಿರ ಇರದ ಕಡೆ ಫರ್ಸಿ ಕಲ್ಲಿನ ಮೇಲೆ ಅಥವಾ ಸಿಮೆಂಟ್ ನೆಲದ ಮೇಲೆ ಇಡಿ. ಅದೇ ಕಂಪನಿಯ ಸರ್ವಿಸ್ ಸೆಂಟರಿಗೆ ಒಯ್ದು ಬ್ಯಾಟರಿ ಬದಲಾಯಿಸಿ. ಹೊಗೆ ಅಥವಾ ಸುಸ್ ಅನ್ನುವ ಸದ್ದು ಬಂದರೆ ಕೈಯಲ್ಲಿ ಹಿಡಿಯಬೇಡಿ. ಎಲ್ಲರೂ ಹೊರಗೆ ಬನ್ನಿ, 112ಕ್ಕೆ ಕರೆ ಮಾಡಿ.

ಆನ್ ಆಗ್ತಿಲ್ಲ, ಚಾರ್ಜ್ ಏರ್ತಿಲ್ಲ

ತುಂಬಾ ದಿನ ಸುಮ್ನೆ ಬಿದ್ದಿದ್ದ ಫೋನ್ ಚಾರ್ಜಿಗೆ ಹಾಕಿದ ತಕ್ಷಣ ಏನೂ ತೋರಿಸುವುದಿಲ್ಲ. ಬ್ಯಾಟರಿ ಪೂರ್ತಿ ಬತ್ತಿರುತ್ತೆ. ಅರ್ಧ ಗಂಟೆ ಹಾಗೇ ಬಿಡಿ, ಆಮೇಲೆ ಪವರ್ ಬಟನ್ ಒತ್ತಿ.

ಆಗಲೂ ಇಲ್ಲ ಅಂದ್ರೆ ಮೊದಲು ಕೇಬಲ್ ಬದಲಾಯಿಸಿ, ಆಮೇಲೆ ಚಾರ್ಜರ್, ಆಮೇಲೆ ಗೋಡೆಯ ಸಾಕೆಟ್. ಒಂದು ಸಲಕ್ಕೆ ಒಂದನ್ನೇ ಬದಲಾಯಿಸಿ, ಇಲ್ಲದಿದ್ದರೆ ತಪ್ಪು ಯಾವುದರದ್ದು ಅಂತ ತಿಳಿಯಲ್ಲ. ಮನೆಯಲ್ಲಿ ಬೇರೆ ಫೋನಿಗೆ ಸರಿಯಾಗಿ ಚಾರ್ಜ್ ಮಾಡುವ ಕೇಬಲ್ಲನ್ನೇ ಬಳಸಿ.

ಇನ್ನೂ ಏರದಿದ್ದರೆ ಚಾರ್ಜಿಂಗ್ ತೂತಿಗೆ ಟಾರ್ಚ್ ಬಿಟ್ಟು ನೋಡಿ. ನಮ್ಮ ಕಡೆ ಇದು ಜಾಸ್ತಿ. ಬಳ್ಳಾರಿಯಲ್ಲಿ ಜೀನ್ಸ್ ಹೊಲಿಯುವವರ ಜೇಬಿನ ನೂಲು, ರಾಯಚೂರಿನ ಹತ್ತಿ ಮಿಲ್ಲಿನವರ ಫೋನಿನಲ್ಲಿ ಅರಳೆಯ ತುಣುಕು, ಸಂಡೂರು, ತೋರಣಗಲ್ಲು ಕಡೆಯದಾದರೆ ಕೆಂಪು ಧೂಳು. ಕೇಬಲ್ ಚುಚ್ಚುವಾಗಲೆಲ್ಲ ಇವು ಒಳಗೆ ಒತ್ತಿಕೊಂಡು ತಳದಲ್ಲಿ ಗಟ್ಟಿ ಪದರ ಆಗುತ್ತವೆ. ಲಕ್ಷಣ ಸ್ಪಷ್ಟ: ಕೇಬಲ್ ಪೂರ್ತಿ ಒಳಗೆ ಹೋಗಲ್ಲ, ಸ್ವಲ್ಪ ಅಲುಗಿಸಿದರೆ ಚಾರ್ಜ್ ನಿಲ್ಲುತ್ತೆ. ಫೋನ್ ಆಫ್ ಮಾಡಿ, ಹಲ್ಲುಕಡ್ಡಿಯಿಂದ ಬದಿಯ ಕಡೆಯಿಂದ ಮೆಲ್ಲಗೆ ಕೆರೆದು ತೆಗೆಯಿರಿ. ಗುಂಡುಪಿನ್ನು, ಸೂಜಿ, ಸೇಫ್ಟಿಪಿನ್ನು ಹಾಕಬೇಡಿ, ಒಳಗಿನ ಕಾಲುಗಳು ಬಾಗಿದರೆ ಪೋರ್ಟೇ ಬದಲಾಯಿಸಬೇಕಾಗುತ್ತದೆ. ಬಾಯಿಂದ ಊದಲೂ ಬೇಡಿ, ಉಗುಳಿನ ತೇವ ಹೋಗುತ್ತೆ.

ಪೋರ್ಟ್ ಸ್ವಚ್ಛ ಇದೆ, ಕೇಬಲ್ ಸರಿ ಇದೆ, ಆದರೂ ಸ್ಕ್ರೀನ್ ಕಪ್ಪು. ಆಗ ಬಲವಂತದ ರೀಸ್ಟಾರ್ಟ್ ಮಾಡಿ. ಬಹಳಷ್ಟು ಆಂಡ್ರಾಯ್ಡ್‌ಗಳಲ್ಲಿ ಪವರ್ ಮತ್ತು ವಾಲ್ಯೂಮ್ ಕೆಳಗಿನ ಬಟನ್ ಎರಡನ್ನೂ ಒಟ್ಟಿಗೆ 10–15 ಸೆಕೆಂಡ್ ಹಿಡಿಯಬೇಕು. ಐಫೋನ್ 8 ಮತ್ತು ಆಮೇಲಿನದ್ದಕ್ಕೆ ವಾಲ್ಯೂಮ್ ಮೇಲಿನದು ಒತ್ತಿ ಬಿಡಿ, ಕೆಳಗಿನದು ಒತ್ತಿ ಬಿಡಿ, ಆಮೇಲೆ ಬದಿಯ ಬಟನ್ ಹಿಡಿದುಕೊಳ್ಳಿ, ಆಪಲ್ ಗುರುತು ಬರುವ ತನಕ.

ಬೇರೆ ಫೋನಿನಿಂದ ಕರೆ ಮಾಡಿದರೆ ರಿಂಗ್ ಕೇಳಿಸುತ್ತೆ, ಆದರೆ ಸ್ಕ್ರೀನ್ ಮಾತ್ರ ಕಪ್ಪು ಅಂದ್ರೆ ಫೋನ್ ಜೀವಂತ ಇದೆ, ಡಿಸ್‌ಪ್ಲೇ ಹೋಗಿದೆ. ಇದು ಅಂಗಡಿ ಕೆಲಸ.

ನೀರಿಗೆ ಬಿದ್ದದ್ದು ಅಂತ ಕೊಟ್ಟವರು ಹೇಳಿದರೆ ಸಿಮ್ ಟ್ರೇ ತೆಗೆದು ಆ ತೂತಿನೊಳಗೆ ನೋಡಿ. ಹಲವು ಫೋನ್‌ಗಳಲ್ಲಿ ಅಲ್ಲೊಂದು ಸಣ್ಣ ಬಿಳಿ ಗುರುತು ಇರುತ್ತೆ, ನೀರು ಮುಟ್ಟಿದ್ದರೆ ಕೆಂಪಾಗಿರುತ್ತೆ. ಅಂಥ ಫೋನನ್ನು ಅಕ್ಕಿ ಡಬ್ಬಿಯಲ್ಲಿ ಹೂತಿಡುವುದು ಬೇಡ. ಗಂಗಾವತಿ ಸೋನಾ ಮಸೂರಿ ಊಟಕ್ಕೆ ಚೆನ್ನ, ಫೋನ್ ಒಣಗಿಸಲಿಕ್ಕಲ್ಲ. ಅಕ್ಕಿಯ ಪುಡಿ ಒಳಗೆ ಸೇರಿ ಇನ್ನಷ್ಟು ಹಾಳಾಗುತ್ತೆ ಅಂತ ಆಪಲ್ ಕಂಪನಿಯೇ ಬೇಡ ಅಂದಿದೆ. ನೆರಳಲ್ಲಿ ಗಾಳಿ ಆಡುವ ಕಡೆ ಇಡಿ, ಪೂರ್ತಿ ಒಣಗುವ ತನಕ ಚಾರ್ಜ್ ಮುಟ್ಟಬೇಡಿ.

"ಈ ಫೋನಿನಲ್ಲಿ ಮೊದಲಿದ್ದ ಖಾತೆ ಹಾಕಿ" ಅನ್ನುತ್ತಿದೆ

ಹೆಚ್ಚು ಜನ ಸಿಕ್ಕಿಬೀಳುವುದು ಇಲ್ಲೇ. ಹಿಂದಿನವರು ಜಿಮೇಲ್ ತೆಗೆಯದೆ ಫೋನ್ ಕೊಟ್ಟಿರುತ್ತಾರೆ, ಲಾಕ್ ನೆನಪಿಲ್ಲ ಅಂತ ಯಾರೋ ಬಟನ್ ಒತ್ತಿಹಿಡಿದು, ಫೋನ್ ಶುರುವಾಗುವ ಮೊದಲೇ ಬರುವ ರಿಕವರಿ ಮೆನುವಿನಿಂದ ರಿಸೆಟ್ ಮಾಡಿರುತ್ತಾರೆ. ಆಂಡ್ರಾಯ್ಡ್ 5.1ರಿಂದ ಈಚೆಗೆ ಹೀಗೆ ರಿಸೆಟ್ ಮಾಡಿದ ಫೋನ್, ಮೊದಲಿದ್ದ ಗೂಗಲ್ ಖಾತೆ ಹಾಕುವ ತನಕ ಮುಂದೆ ಬಿಡುವುದಿಲ್ಲ. ಕದ್ದ ಫೋನ್ ಕಳ್ಳರಿಗೆ ಉಪಯೋಗಕ್ಕೆ ಬರಬಾರದು ಅಂತ ಮಾಡಿದ ಕಾವಲು ಅದು. ದೋಷ ಅಲ್ಲ.

ಪರಿಹಾರ ಸರಳ. ಕೊಟ್ಟವರಿಗೆ ಕರೆ ಮಾಡಿ, ಜಿಮೇಲ್ ಮತ್ತು ಪಾಸ್‌ವರ್ಡ್ ಹಾಕಿಸಿ. ದೂರದಲ್ಲಿದ್ದರೆ ಮನೆಯವರೇ ತಾನೇ, ಕರೆಯಲ್ಲೇ ಪಾಸ್‌ವರ್ಡ್ ಹೇಳಲಿ, ಕೆಲಸ ಆದ ಮೇಲೆ ಅವರು ಅದನ್ನು ಬದಲಾಯಿಸಿಕೊಳ್ಳಲಿ. ಎರಡು ಹಂತದ ಪರಿಶೀಲನೆ ಇದ್ದರೆ ಅವರ ಹೊಸ ಫೋನಿಗೆ "ಇದು ನೀವೇನಾ" ಅಂತ ಬರುತ್ತೆ, ಹೌದು ಅಂತ ಒತ್ತಬೇಕು. ಅದಕ್ಕೇ ಅವರು ಕೈಯಲ್ಲಿ ಫೋನ್ ಹಿಡಿದು ಬಿಡುವಾಗಿರುವ ಹೊತ್ತು ನೋಡಿ ಕೂರಿ. ಪಾಸ್‌ವರ್ಡ್ ಮರೆತು ಆಗಷ್ಟೇ ಬದಲಾಯಿಸಿದ್ದರೆ ಒಂದು ದಿನ, ಅಂದ್ರೆ 24 ಗಂಟೆ ಕಾದು ಪ್ರಯತ್ನಿಸಿ, ಕೂಡಲೇ ಒಪ್ಪುವುದಿಲ್ಲ.

ಒಳಗೆ ಹೋದ ಮೇಲೆ ಸೆಟ್ಟಿಂಗ್ಸ್‌ನಲ್ಲಿ ಅಕೌಂಟ್ಸ್ ತೆರೆದು ಆ ಜಿಮೇಲ್ ತೆಗೆಯಿರಿ. ಫೋನ್ ಇನ್ನೂ ಹಳೇ ಪಿನ್‌ನಿಂದ ತೆರೆಯುತ್ತಿದ್ದರೆ ನೀವು ಪುಣ್ಯವಂತರು: ಮೊದಲು ಖಾತೆ ತೆಗೆಯಿರಿ, ಆಮೇಲೆ ಲಾಕ್ ತೆಗೆಯಿರಿ, ಆಮೇಲೆ ಸೆಟ್ಟಿಂಗ್ಸ್ ಒಳಗಿನಿಂದಲೇ ರಿಸೆಟ್ ಮಾಡಿ. ಈ ಕ್ರಮ ತಪ್ಪದಿದ್ದರೆ ಕಾವಲಿನ ಪ್ರಶ್ನೆಯೇ ಬರುವುದಿಲ್ಲ. ರಿಸೆಟ್ ಬೇಡ ಅಂದಿದ್ದು ಇದಕ್ಕೇ.

ಶಿಯೋಮಿ ಫೋನ್‌ಗಳಲ್ಲಿ ಮಿ ಖಾತೆ, ಸ್ಯಾಮ್‌ಸಂಗ್‌ನಲ್ಲಿ ಸ್ಯಾಮ್‌ಸಂಗ್ ಖಾತೆ ಗೂಗಲ್‌ನದ್ದಕ್ಕಿಂತ ಬೇರೆ. ಅವನ್ನೂ ತೆಗೆಯಬೇಕು. ಐಫೋನ್‌ನಲ್ಲಿ ಆಪಲ್ ಖಾತೆಯ ಕಾವಲು ಇದೆ. ಅದನ್ನು ಕೊಟ್ಟವರು ಎಲ್ಲಿದ್ದರೂ ಐಕ್ಲೌಡ್ ವೆಬ್‌ಸೈಟಿನಲ್ಲಿ ಲಾಗಿನ್ ಆಗಿ ಈ ಸಾಧನವನ್ನು ತೆಗೆದುಹಾಕಿದರೆ ಬಿಟ್ಟುಕೊಡುತ್ತದೆ.

"ಜಿಮೇಲ್ ಲಾಕ್ ಒಡೆದು ಕೊಡ್ತೀವಿ" ಅನ್ನುವ ವಿಡಿಯೋಗಳನ್ನು ನೋಡಿ ಎಲ್ಲೆಲ್ಲಿಂದಲೋ ಎಪಿಕೆ ಫೈಲ್ (ಪ್ಲೇ ಸ್ಟೋರ್ ಬಿಟ್ಟು ಹೊರಗಿನಿಂದ ಹಾಕುವ ಆ್ಯಪ್) ಹಾಕಬೇಡಿ. ಅದರ ಜತೆ ಏನು ಒಳಗೆ ಬಂತು ಅಂತ ನಿಮಗೆ ಗೊತ್ತಾಗಲ್ಲ. ಆಮೇಲೆ ಅದೇ ಫೋನಿನಲ್ಲಿ ನೀವು ಬ್ಯಾಂಕಿನ ಕೆಲಸ ಮಾಡ್ತೀರಿ.

ಬೇರೊಂದು ಬೋರ್ಡ್ ಕಾಣುವುದೂ ಉಂಟು: "ಕಂತು ಬಾಕಿ ಇದೆ, ಸಾಧನ ಲಾಕ್ ಆಗಿದೆ." ಸಾಲದ ಮೇಲೆ ತಗೊಂಡ ಫೋನಿಗೆ ಕೆಲವು ಫೈನಾನ್ಸ್‌ನವರು ಹಾಕುವ ಬೀಗ ಇದು. ರಿಸೆಟ್‌ಗೆ ಹೋಗಲ್ಲ. ತಗೊಂಡವರು ಬಾಕಿ ಕಟ್ಟಿ ಸಾಲ ಮುಗಿದ ಪತ್ರ ತಗೊಳ್ಳಲಿ, ಬೀಗ ತೆಗೆಸುವುದೂ ಅವರ ಕಡೆಯಿಂದಲೇ ಆಗಬೇಕು.

ಫೋನ್ ತೀರಿಹೋದ ಅಪ್ಪನದು, ಪಿನ್ ಗೊತ್ತಿಲ್ಲ

ಇದನ್ನು ಬೇರೆಯಾಗಿ ಬರೆಯಲೇಬೇಕು, ಯಾಕಂದ್ರೆ ಇಲ್ಲಿ ಅವಸರ ಮಾಡಿದರೆ ಫೋಟೋ, ಧ್ವನಿ ಎಲ್ಲ ಹೋಗಿಬಿಡುತ್ತವೆ, ಮತ್ತೆ ಸಿಗಲ್ಲ.

ರಿಸೆಟ್ ಮಾಡಬೇಡಿ. ಪಿನ್ನನ್ನು ಊಹಿಸಿ ಸುಮ್ನೆ ಒತ್ತುತ್ತಾ ಹೋಗಬೇಡಿ, ತಪ್ಪಾದಷ್ಟೂ ಕಾಯುವ ಹೊತ್ತು ಜಾಸ್ತಿ ಆಗುತ್ತೆ. ಐಫೋನ್ ಆದರೆ ಕೊನೆಗೆ ಪೂರ್ತಿ ಮುಚ್ಚಿಕೊಳ್ಳುತ್ತೆ. ಅವ್ವನನ್ನು ಕೇಳಿ, ಮೊಮ್ಮಕ್ಕಳನ್ನು ಕೇಳಿ. ಗೇಮ್ ಆಡಲು ಫೋನ್ ತೆರೆಯುತ್ತಿದ್ದ ಮಗುವಿಗೆ ಪ್ಯಾಟರ್ನ್ ಗೊತ್ತಿರುವುದು ಹೊಸದೇನಲ್ಲ. ಡೈರಿ, ಪಾಸ್‌ಬುಕ್ಕಿನ ಕವರ್, ಕ್ಯಾಲೆಂಡರಿನ ಹಿಂಬದಿ ನೋಡಿ.

ಅವರ ನಂಬರ್ ಬದುಕಿರುವಂತೆ ನೋಡಿಕೊಳ್ಳಿ. 90 ದಿನ ಬಳಕೆಯೇ ಇಲ್ಲದ ಸಿಮ್ ಬಂದ್ ಆಗಬಹುದು, ಆ ನಂಬರ್ ಮುಂದೆ ಬೇರೆಯವರಿಗೆ ಹೋಗುತ್ತದೆ. ಜಿಮೇಲ್ ವಾಪಸ್ ಪಡೆಯುವ ಕೋಡ್ ಬರುವುದು ಅದೇ ನಂಬರಿಗೆ. ಎರಡು ವರ್ಷ ಯಾರೂ ಬಳಸದ ಗೂಗಲ್ ಖಾತೆಯನ್ನು ಗೂಗಲ್ ಅಳಿಸಬಹುದು, ಅದರ ಜತೆ ಗೂಗಲ್ ಫೋಟೋಸ್‌ನಲ್ಲಿದ್ದದ್ದೂ ಹೋಗುತ್ತದೆ. ತೀರಿಹೋದವರ ಖಾತೆಯ ವಿಷಯ ಕೇಳಲು ಗೂಗಲ್ ಒಂದು ಅರ್ಜಿ ಇಟ್ಟಿದೆ, ಮರಣ ಪ್ರಮಾಣಪತ್ರ ಬೇಕು. ಪಾಸ್‌ವರ್ಡ್ ಕೊಡುವುದಿಲ್ಲ, ಒಳಗಿನದನ್ನು ಕೊಡುವ ಬಗ್ಗೆ ನೋಡಿ ನಿರ್ಧರಿಸುತ್ತಾರೆ. ಫೋನಿನ ಕಾವಲು ತೆಗೆಸಲು ಖರೀದಿ ಬಿಲ್ ಇದ್ದರೆ ಕಂಪನಿಯ ಸರ್ವಿಸ್ ಸೆಂಟರಿನಲ್ಲಿ ಕೇಳಿ. ಬಿಲ್ಲಿನಲ್ಲಿ ಐಎಂಇಐ, ಅಂದ್ರೆ ಆ ಫೋನಿನದೇ ಗುರುತಿನ ನಂಬರ್ ಇರಬೇಕು.

ಫೋನ್ ತೆರೆದುಕೊಂಡರೆ ಅವರ ಯುಪಿಐನಿಂದ ದುಡ್ಡು ವರ್ಗಾಯಿಸಬೇಡಿ. ಆ ಹಣಕ್ಕೆ ನಾಮಿನಿ ಆದವರು ಬ್ಯಾಂಕಿಗೇ ಹೋಗಿ ಅರ್ಜಿ ಕೊಡಬೇಕು. ಫೋನಿನಿಂದ ತೆಗೆದರೆ ಮುಂದೆ ಅಣ್ಣತಮ್ಮಂದಿರ ನಡುವೆಯೇ ತಕರಾರು ಬರುತ್ತೆ. ಮೊದಲು ಫೋಟೋ, ವಾಟ್ಸಾಪ್ ಆಡಿಯೋ ಎಲ್ಲ ಪೆನ್‌ಡ್ರೈವ್‌ಗೋ ಕಂಪ್ಯೂಟರ್‌ಗೋ ನಕಲು ಮಾಡಿ. ಎರಡು ಕಡೆ ಇಡಿ. ಆಮೇಲೆ ಮಿಕ್ಕ ಮಾತು.

ಸಿಮ್ ಹಾಕಿದರೂ ನೆಟ್‌ವರ್ಕ್ ಇಲ್ಲ

ಟ್ರೇ ತೆಗೆದು, ಸಿಮ್ ಒರೆಸಿ, ಮತ್ತೆ ಸರಿಯಾಗಿ ಕೂರಿಸಿ. ಏರ್‌ಪ್ಲೇನ್ ಮೋಡ್ ಆನ್ ಮಾಡಿ ಆಫ್ ಮಾಡಿ. ಅದೇ ಸಿಮ್ಮನ್ನು ಬೇರೆ ಫೋನಿನಲ್ಲಿ, ಬೇರೆ ಸಿಮ್ಮನ್ನು ಈ ಫೋನಿನಲ್ಲಿ ಹಾಕಿ ನೋಡಿ. ಇಷ್ಟರಲ್ಲೇ ತಪ್ಪು ಸಿಮ್ಮಿನದೋ ಫೋನಿನದೋ ತಿಳಿಯುತ್ತೆ. ಕತ್ತರಿಯಿಂದ ಕತ್ತರಿಸಿದ ಹಳೇ ದೊಡ್ಡ ಸಿಮ್ ಆದರೆ ಅದರದ್ದೇ ತಪ್ಪು ಇರುವ ಸಂಭವ ಜಾಸ್ತಿ, ಆಧಾರ್ ಒಯ್ದು ಅದೇ ನಂಬರಿಗೆ ಹೊಸ ಸಿಮ್ ತಗೊಳ್ಳಿ.

ಇಂಟರ್ನೆಟ್ ಬರುತ್ತೆ, ಕರೆ ಹೋಗಲ್ಲ, ಸಿಮ್ ಜಿಯೋ. ಹೀಗಿದ್ದರೆ ಸೆಟ್ಟಿಂಗ್ಸ್‌ನಲ್ಲಿ ವೋಲ್ಟಿ (VoLTE, 4ಜಿ ಮೇಲೆ ಕರೆ ಮಾಡುವ ಸೌಲಭ್ಯ) ಆನ್ ಇದೆಯಾ ನೋಡಿ. ಜಿಯೋಗೆ 2ಜಿ, 3ಜಿ ಇಲ್ಲವೇ ಇಲ್ಲ, ಅದರ ಕರೆಗಳು ಹೋಗುವುದು 4ಜಿ, 5ಜಿ ಮೇಲೆ. ವೋಲ್ಟಿ ಇಲ್ಲದ ಹಳೇ ಫೋನಿನಿಂದ ಮಾಮೂಲು ಕರೆ ಮಾಡಲಾಗದು. ಅದು ಕೆಟ್ಟಿಲ್ಲ, ಆ ಸಿಮ್ಮಿಗೆ ಹೊಂದುವುದಿಲ್ಲ ಅಷ್ಟೇ. ಬಿಎಸ್‌ಎನ್‌ಎಲ್ 4ಜಿಯಲ್ಲೂ ಇಂಥದ್ದೇ ಒಂದು ಮಾತಿದೆ. ಅದು 700 ಮೆಗಾಹರ್ಟ್ಸ್ ತರಂಗವನ್ನೂ ಬಳಸುತ್ತೆ, ಕೆಲವು ಹಳೇ ಫೋನ್‌ಗಳು ಅದನ್ನು ಹಿಡಿಯುವುದಿಲ್ಲ.

ಗಡಿ ಊರಿನವರು ಇನ್ನೊಂದನ್ನು ಗಮನಿಸಿ. ಸಿರುಗುಪ್ಪದ ಆಚೆ ಆಂಧ್ರದ ಕಡೆ ಅಥವಾ ರಾಯಚೂರಿನಿಂದ ಕೃಷ್ಣಾ ದಾಟಿ ತೆಲಂಗಾಣದ ಕಡೆ ಫೋನ್ ಪಕ್ಕದ ರಾಜ್ಯದ ಟವರ್ ಹಿಡಿಯುತ್ತೆ. ಸಿಗ್ನಲ್ ಕಡ್ಡಿಯ ಪಕ್ಕ ಇಂಗ್ಲಿಷಿನ ಆರ್ ಅಕ್ಷರ ಬರುತ್ತೆ. ಕಡ್ಡಿ ಪೂರ್ತಿ ಇದ್ದರೂ ಇಂಟರ್ನೆಟ್ ಇಲ್ಲ. ಡೇಟಾ ರೋಮಿಂಗ್ ಆನ್ ಮಾಡಿದರೆ ಸರಿಹೋಗುತ್ತೆ.

ಯಾವ ಸಿಮ್ ಹಾಕಿದರೂ ಇಲ್ಲ ಅಂದ್ರೆ ಡಯಲ್ ಪ್ಯಾಡಿನಲ್ಲಿ *#06# ಒತ್ತಿ. 15 ಅಂಕಿಯ ಐಎಂಇಐ ಬರಬೇಕು. ಖಾಲಿ ಬಂದರೆ ಅಥವಾ ಎಲ್ಲ ಸೊನ್ನೆ ಬಂದರೆ ಒಳಗಿನ ದೋಷ, ಸರ್ವಿಸ್ ಸೆಂಟರಿಗೆ ಹೋಗಿ. ಸರಿಯಾಗಿ ಬಂದರೆ ಇಂಗ್ಲಿಷ್ ದೊಡ್ಡಕ್ಷರದಲ್ಲಿ ಕೆವೈಎಂ (KYM) ಅಂತ ಬರೆದು, ಒಂದು ಜಾಗ ಬಿಟ್ಟು, ಆ 15 ಅಂಕಿ ಹಾಕಿ 14422ಕ್ಕೆ ಎಸ್ಸೆಮ್ಮೆಸ್ ಕಳಿಸಿ. ಸರ್ಕಾರದ ಸಂಚಾರ್ ಸಾಥಿ ವೆಬ್‌ಸೈಟಿನಲ್ಲೂ ನೋಡಬಹುದು. ಬ್ಲಾಕ್ ಆಗಿದೆ ಅಂತ ಉತ್ತರ ಬಂದರೆ ನಿಲ್ಲಿಸಿ, ಕೊಟ್ಟವರು ಅದನ್ನು ಎಲ್ಲಿಂದ ತಗೊಂಡಿದ್ದರು ಅಂತ ಕೇಳಿ. ಒಮ್ಮೆ ಕಳೆದು ದೂರು ಕೊಟ್ಟು, ಸಿಕ್ಕ ಮೇಲೆ ಬ್ಲಾಕ್ ತೆಗೆಸಲು ಮರೆತ ಫೋನೂ ಇರಬಹುದು. ಐಎಂಇಐ ಬದಲಾಯಿಸಿಕೊಡ್ತೀವಿ ಅಂತ ಯಾರಾದರೂ ಅಂದರೆ ಎದ್ದು ಬನ್ನಿ, ಅದು ಅಪರಾಧ.

ನಾನು ತೆಗೆದ ಫೋಟೋ ಅಕ್ಕನ ಫೋನಿನಲ್ಲೂ ಕಾಣುತ್ತೆ

ಅಕ್ಕನ ಜಿಮೇಲ್ ಇನ್ನೂ ನಿಮ್ಮ ಫೋನಿನಲ್ಲಿದೆ. ಗುರುತಿಲ್ಲದ ಹೆಸರುಗಳು ಕಾಂಟ್ಯಾಕ್ಟ್‌ನಲ್ಲಿ ಬರುವುದು, ನೀವು ನೋಡದ ವಿಡಿಯೋಗಳು ಯೂಟ್ಯೂಬ್‌ನಲ್ಲಿ ಬರುವುದು, ಎಲ್ಲ ಇದರ ಲಕ್ಷಣವೇ. ಇದ್ದರೆ ಇರಲಿ ಅಂತ ಬಿಡಬೇಡಿ. ನಿಮ್ಮ ಫೋಟೋ, ನೀವು ಓಡಾಡಿದ ಜಾಗ ಅವರಿಗೆ ಕಾಣುತ್ತೆ, ಅವರ ಮೇಲ್ ನಿಮಗೆ ಕಾಣುತ್ತೆ, ಇಬ್ಬರಿಗೂ ಒಳ್ಳೇದಲ್ಲ. ಅಕ್ಕನ ಖಾತೆ ತೆಗೆದು ನಿಮ್ಮದೇ ಹಾಕಿ. ಇಲ್ಲದಿದ್ದರೆ ಹೊಸದು ಮಾಡಿ, ಹೆಸರು ಮತ್ತು ಪಾಸ್‌ವರ್ಡನ್ನು ಮನೆಯ ಪುಸ್ತಕದಲ್ಲಿ ಬರೆದಿಡಿ. ಅಪ್ಪ ಅವ್ವನಿಗೆ ಖಾತೆ ಮಾಡಿಕೊಡುವವರು ಮರೆತಾಗ ವಾಪಸ್ ಪಡೆಯಲು ನಿಮ್ಮ ನಂಬರನ್ನೂ ಸೇರಿಸಿ. ಅವರ ಯುಪಿಐ ಪಿನ್ ಮಾತ್ರ ಎಲ್ಲೂ ಬರೆಯಬೇಡಿ.

ವಾಟ್ಸಾಪ್ ಬರ್ತಿಲ್ಲ, ಫೋನ್‌ಪೇ, ಗೂಗಲ್‌ಪೇ ಶುರು ಆಗ್ತಿಲ್ಲ

ಮೊದಲು ದಿನಾಂಕ ನೋಡಿ. ಹೌದು, ದಿನಾಂಕ. ಬ್ಯಾಟರಿ ಬತ್ತಿ ಬಿದ್ದಿದ್ದ ಫೋನಿನಲ್ಲಿ ಇಸವಿಯೇ ತಪ್ಪಾಗಿರುತ್ತೆ. ಆಗ ಪ್ಲೇ ಸ್ಟೋರ್, ವೆಬ್‌ಸೈಟ್ ಯಾವುದೂ ತೆರೆಯಲ್ಲ, ಸಂಪರ್ಕ ಸುರಕ್ಷಿತ ಅಲ್ಲ ಅಂತ ಬರುತ್ತೆ. ದಿನಾಂಕ ತಾನಾಗಿ ಹೊಂದಿಕೊಳ್ಳುವ ಆಯ್ಕೆ ಆನ್ ಮಾಡಿ.

ಎರಡನೇದು ಜಾಗ. ಗುಡ್ ಮಾರ್ನಿಂಗ್ ಚಿತ್ರಗಳು, ಮದುವೆ ವಿಡಿಯೋಗಳು ತುಂಬಿ ಮೆಮೊರಿ ಇರುವುದಿಲ್ಲ. ವಾಟ್ಸಾಪ್ ಸೆಟ್ಟಿಂಗ್ಸ್‌ನಲ್ಲಿ ಸ್ಟೋರೇಜ್ ತೆರೆದು ದೊಡ್ಡ ಫೈಲುಗಳನ್ನು ಮೊದಲು ಅಳಿಸಿ.

ಮೂರನೇದು ಆಂಡ್ರಾಯ್ಡ್ ಎಷ್ಟು ಹಳೇದು ಅನ್ನೋದು. ಆಂಡ್ರಾಯ್ಡ್ 4.4ರಲ್ಲಿ ವಾಟ್ಸಾಪ್ 2025ರ ಜನವರಿಯಿಂದ ನಿಂತಿದೆ. ಬ್ಯಾಂಕಿನ ಆ್ಯಪ್‌ಗಳು ಅದಕ್ಕಿಂತ ಹೊಸದನ್ನೂ ಬೇಡ ಅನ್ನುತ್ತವೆ. ಅಪ್‌ಡೇಟ್ ಬರುತ್ತಿದ್ದರೆ ಹಾಕಿ. ಬರುವುದು ನಿಂತಿದ್ದರೆ ಆ ಫೋನನ್ನು ಕರೆಗೆ, ಹಾಡಿಗೆ ಇಟ್ಟುಕೊಳ್ಳಿ, ದುಡ್ಡಿನ ವ್ಯವಹಾರಕ್ಕೆ ಬೇಡ.

ವಾಟ್ಸಾಪ್ ಆರು ಅಂಕಿಯ ಪಿನ್ ಕೇಳಿದರೆ ಅದು ಎಸ್ಸೆಮ್ಮೆಸ್‌ನಲ್ಲಿ ಬರುವ ಕೋಡ್ ಅಲ್ಲ. ನೀವೇ ಯಾವಾಗಲೋ ಇಟ್ಟ ಎರಡನೇ ಬೀಗ. ಇಮೇಲ್ ಕೊಟ್ಟಿದ್ದರೆ ಅಲ್ಲಿಂದ ಬದಲಾಯಿಸಬಹುದು, ಇಲ್ಲದಿದ್ದರೆ 7 ದಿನ ಕಾಯಬೇಕು. ಹಳೇ ಚಾಟ್ ವಾಪಸ್ ಬರದಿದ್ದರೆ ಬ್ಯಾಕಪ್ ಇರುವ ಅದೇ ಜಿಮೇಲ್ ಮತ್ತು ಅದೇ ನಂಬರ್ ಎರಡೂ ಇದ್ದಾವಾ ನೋಡಿ. ಒಂದು ಬೇರೆಯಾದರೂ ಬರಲ್ಲ.

ಯುಪಿಐ "ನಂಬರ್ ಪರಿಶೀಲನೆ ಆಗಲಿಲ್ಲ" ಅನ್ನುತ್ತಿದ್ದರೆ ಕಾರಣ ಸಾಮಾನ್ಯವಾಗಿ ಎಸ್ಸೆಮ್ಮೆಸ್. ಆ್ಯಪ್ ನಿಮ್ಮ ಸಿಮ್‌ನಿಂದ ತಾನೇ ಒಂದು ಸಂದೇಶ ಕಳಿಸುತ್ತೆ. ಬ್ಯಾಂಕಿಗೆ ಕೊಟ್ಟ ನಂಬರಿನ ಸಿಮ್ ಇದೇ ಫೋನಿನಲ್ಲಿ ಇರಬೇಕು, ಎರಡು ಸಿಮ್ ಇದ್ದರೆ ಸರಿಯಾದದ್ದನ್ನು ಆರಿಸಬೇಕು, ರೀಚಾರ್ಜಿನಲ್ಲಿ ಎಸ್ಸೆಮ್ಮೆಸ್ ಇರಬೇಕು. ಕಡಿಮೆ ಬೆಲೆಯ ಪ್ಲಾನ್ ಹಾಕಿಸಿದ ಎಷ್ಟೋ ಹಿರಿಯರ ಫೋನಿನಲ್ಲಿ ಇದೇ ಇರಲ್ಲ. ಮನೆಯವರಿಗೆ ಒಂದು ಎಸ್ಸೆಮ್ಮೆಸ್ ಕಳಿಸಿ ನೋಡಿ. ಹೋಗದಿದ್ದರೆ ಉತ್ತರ ಸಿಕ್ಕಿತು. ಹೊಸ ಫೋನಿನಲ್ಲಿ ಶುರು ಮಾಡಿದ ಮೊದಲ ದಿನ ಕಡಿಮೆ ಮೊತ್ತವೇ ಹೋಗುತ್ತೆ, ಅದೂ ದೋಷವಲ್ಲ.

ಈ ಹಂತದಲ್ಲಿ "ಕಸ್ಟಮರ್ ಕೇರ್" ನಂಬರನ್ನು ಗೂಗಲ್‌ನಲ್ಲಿ ಹುಡುಕಿ ಕರೆ ಮಾಡಬೇಡಿ. ವಂಚಕರು ಕಾಯುವುದು ಅಲ್ಲೇ. ಆ್ಯಪ್ ಒಳಗಿನ ಸಹಾಯವನ್ನೇ ಬಳಸಿ. ದುಡ್ಡು ಹೋಗಿಯೇಬಿಟ್ಟರೆ ತಡಮಾಡದೆ 1930ಕ್ಕೆ ಕರೆ ಮಾಡಿ. ಗೃಹಲಕ್ಷ್ಮಿಯದೋ ಬ್ಯಾಂಕಿನದೋ ಒಟಿಪಿ ಬಂದಾಗ ಅದನ್ನು ಕೇಳುವವರು ಯಾರೇ ಆಗಿರಲಿ ಹೇಳಬಾರದು ಅಂತ ಅವ್ವನಿಗೆ ಫೋನ್ ಕೊಡುವ ದಿನವೇ ಕೂತು ಹೇಳಿ.

ಫೋನ್ ತಾನೇ ಮಾತಾಡುತ್ತೆ, ಭಾಷೆ ಬೇರೆ, ಕನ್ನಡ ಚೌಕಚೌಕ

ಮುಟ್ಟಿದ್ದನ್ನೆಲ್ಲ ಓದಿ ಹೇಳುತ್ತೆ, ಎರಡು ಸಲ ತಟ್ಟಿದರೆ ಮಾತ್ರ ತೆರೆಯುತ್ತೆ ಅಂದ್ರೆ ಟಾಕ್‌ಬ್ಯಾಕ್ ಆನ್ ಆಗಿದೆ. ಕಣ್ಣು ಕಾಣದವರಿಗೆ ಮಾಡಿದ ಸೌಕರ್ಯ ಅದು. ವಾಲ್ಯೂಮ್ ಎರಡೂ ಬಟನ್ ಮೂರು ಸೆಕೆಂಡ್ ಒಟ್ಟಿಗೆ ಹಿಡಿದರೆ ಹೆಚ್ಚಿನ ಫೋನ್‌ಗಳಲ್ಲಿ ನಿಲ್ಲುತ್ತೆ.

ತೆಲುಗಿನಲ್ಲೋ ಹಿಂದಿಯಲ್ಲೋ ಇದ್ದರೆ ಹಲ್ಲುಚಕ್ರದ ಚಿತ್ರದ ಸೆಟ್ಟಿಂಗ್ಸ್ ತೆರೆದು, ಭಾಷೆಯ ಪಟ್ಟಿ ಹುಡುಕಿ. ಅಲ್ಲಿ ಕನ್ನಡ ಅಂತ ಕನ್ನಡದಲ್ಲೇ ಬರೆದಿರುತ್ತೆ. ಬರೆಯಲು ಗೂಗಲ್‌ನ ಕೀಬೋರ್ಡ್ ಆದ ಜಿಬೋರ್ಡ್‌ನಲ್ಲಿ ಕನ್ನಡ ಸೇರಿಸಿ. ಮೈಕ್ ಒತ್ತಿ ಮಾತಾಡಿದರೂ ಅಕ್ಷರ ಆಗುತ್ತೆ, ಟೈಪ್ ಮಾಡಲು ಬೇಸರಪಡುವ ಹಿರಿಯರಿಗೆ ಇದನ್ನು ತೋರಿಸಿಕೊಡಿ. ಎಲ್ಲ ಕಡೆ ಕನ್ನಡದ ಬದಲು ಖಾಲಿ ಚೌಕ ಕಂಡರೆ ಫೋನ್ ತೀರಾ ಹಳೇದು, ಅದಕ್ಕೆ ಔಷಧಿ ಇಲ್ಲ.

ಕರೆ ಬಂದ ಕೂಡಲೇ ಸ್ಕ್ರೀನ್ ಕಪ್ಪು, ಧ್ವನಿ ಕೇಳಲ್ಲ

ಮೇಲಿನ ಅಂಚಿನ ಟೆಂಪರ್ಡ್ ಗ್ಲಾಸ್ ನೋಡಿ. ಅಳತೆ ತಪ್ಪಿದ ಗ್ಲಾಸ್ ಸೆನ್ಸಾರನ್ನು ಮುಚ್ಚಿದರೆ, ಫೋನ್ ಕಿವಿಗೆ ಇಟ್ಟಿದ್ದೀರಿ ಅಂದುಕೊಂಡು ಸ್ಕ್ರೀನ್ ಆರಿಸುತ್ತೆ. ಗ್ಲಾಸ್ ತೆಗೆದು ನೋಡಿ. ನಿಮ್ಮ ಮಾತು ಆಚೆಯವರಿಗೆ ಕೇಳದಿದ್ದರೆ ಕವರ್ ತೆಗೆಯಿರಿ, ಕೆಳಗಿನ ಮೈಕ್ ತೂತು ಮುಚ್ಚಿರಬಹುದು. ಅವರ ಮಾತು ನಿಮಗೆ ಕೇಳದಿದ್ದರೆ ಬ್ಲೂಟೂತ್ ಆಫ್ ಮಾಡಿ, ಆಮೇಲೆ ಕಿವಿಯ ಜಾಲರಿಯನ್ನು ಒಣ ಮೆತ್ತನೆ ಬ್ರಶ್‌ನಿಂದ ಒರೆಸಿ. ಸ್ಪೀಕರ್ ಆನ್ ಮಾಡಿದರೆ ಚೆನ್ನಾಗಿ ಕೇಳಿಸುತ್ತೆ ಅಂದ್ರೆ ಕಸವೇ ಕಾರಣ ಇರಬಹುದು.

ಬಿಸಿ ಆಗುತ್ತೆ, ಚಾರ್ಜ್ ನಿಲ್ಲಲ್ಲ, ತಾನೇ ಆಫ್ ಆಗುತ್ತೆ

ನಮ್ಮ ಜಿಲ್ಲೆಗಳಲ್ಲಿ ಏಪ್ರಿಲ್, ಮೇ ಬಂದರೆ 40 ಡಿಗ್ರಿ ದಾಟುವುದು ಮಾಮೂಲು. ಆಪಲ್ ತನ್ನ ಫೋನನ್ನು 35 ಡಿಗ್ರಿಯೊಳಗಿನ ಜಾಗದಲ್ಲಿ ಬಳಸಿ ಅನ್ನುತ್ತೆ. ಅಂದ್ರೆ ಬೇಸಿಗೆ ಮಧ್ಯಾಹ್ನ ತಗಡಿನ ಶೀಟಿನ ಮನೆಯಲ್ಲಿ ಚಾರ್ಜಿಗೆ ಇಟ್ಟ ಫೋನ್ ಚಾರ್ಜ್ ನಿಲ್ಲಿಸಿದರೆ ಅದು ತನ್ನನ್ನು ತಾನು ಕಾಯ್ದುಕೊಳ್ಳುತ್ತಿದೆ. ಕವರ್ ತೆಗೆದು ನೆರಳಲ್ಲಿ ಇಡಿ, ಫ್ರಿಜ್ಜಿನಲ್ಲಿ ಇಡಬೇಡಿ, ಒಳಗೆ ತೇವ ಕಟ್ಟುತ್ತೆ. ರಾತ್ರಿ ತಂಪಾದ ಮೇಲೆ ಚಾರ್ಜ್ ಮಾಡಿ, ಆದರೆ ದಿಂಬಿನ ಕೆಳಗಲ್ಲ.

ತಣ್ಣಗಿದ್ದಾಗಲೂ ಚಾರ್ಜ್ ಶೇ 30 ಇದ್ದದ್ದು ಒಮ್ಮೆಗೇ 5ಕ್ಕೆ ಬಿದ್ದು ಆಫ್ ಆಗುತ್ತೆ, ಚಾರ್ಜರ್ ಹಾಕಿದ ಕೂಡಲೇ ಮತ್ತೆ 30 ತೋರಿಸುತ್ತೆ. ಬ್ಯಾಟರಿ ಮುದಿಯಾಗಿದೆ. ಐಫೋನ್‌ನಲ್ಲಿ ಬ್ಯಾಟರಿ ಹೆಲ್ತ್ ಶೇ 80ಕ್ಕಿಂತ ಕೆಳಗಿದ್ದರೆ ಬದಲಾಯಿಸುವ ಹೊತ್ತು. ಚಾರ್ಜಿಗೆ ಹಾಕಿದಾಗ ಮಾತ್ರ ಸ್ಕ್ರೀನ್ ತಾನೇ ಏನೇನೋ ಒತ್ತುತ್ತಿದ್ದರೆ ಫೋನಿನ ತಪ್ಪಲ್ಲ, ಅಗ್ಗದ ಚಾರ್ಜರಿನದು. ಅದನ್ನು ಎಸೆದು ಒಳ್ಳೇದು ತಗೊಳ್ಳಿ.

ಏನೂ ಮಾಡದಿದ್ದರೂ ಪರದೆಯ ಮೇಲೆ ಜಾಹೀರಾತು ಹಾರುತ್ತಿದ್ದರೆ ಹಳೇ ಯಾವುದೋ ಆ್ಯಪ್ ಕೆಲಸ. ಆಮೇಲೆ ಹಾಕಿದ ಆ್ಯಪ್‌ಗಳೆಲ್ಲ ನಿಂತಿರುವ ಸೇಫ್ ಮೋಡ್‌ನಲ್ಲಿ ತೆರೆದಾಗ ಜಾಹೀರಾತು ಬರದಿದ್ದರೆ ಖಚಿತ. ಒಂದೊಂದೇ ತೆಗೆದು ನೋಡಿ, ಗುರುತಿಲ್ಲದ ಟಾರ್ಚ್, ಕ್ಲೀನರ್, ಸಾಲದ ಆ್ಯಪ್‌ಗಳು ಮೊದಲು.

ಹೊಲದಲ್ಲಿ ನಿಂತರೂ ಬೆಳೆ ಸಮೀಕ್ಷೆ ಆ್ಯಪ್ ಜಾಗ ಹಿಡಿಯಲ್ಲ

ರೈತರ ಬೆಳೆ ಸಮೀಕ್ಷೆಗೆ ನೀವು ಸರ್ವೆ ನಂಬರಿನ ಹೊಲದೊಳಗೇ ನಿಂತು ಫೋಟೋ ತೆಗೆಯಬೇಕಲ್ವಾ, ಹಳೇ ಫೋನಿನ ಜಿಪಿಎಸ್ ಎಲ್ಲೋ ಪಕ್ಕದ ಹೊಲ ತೋರಿಸುತ್ತೆ. ಲೊಕೇಶನ್ ಆನ್ ಇದೆಯಾ, ಆ ಆ್ಯಪ್‌ಗೆ ನಿಖರ ಲೊಕೇಶನ್ನಿನ ಅನುಮತಿ ಕೊಟ್ಟಿದೀರಾ, ಬ್ಯಾಟರಿ ಸೇವರ್ ಆಫ್ ಇದೆಯಾ ನೋಡಿ. ಆಮೇಲೆ ಗಿಡದ ನೆರಳು ಬಿಟ್ಟು ಬಯಲಿಗೆ ಬಂದು ಕೆಲವು ನಿಮಿಷ ಸುಮ್ನೆ ನಿಂತುಕೊಳ್ಳಿ. ಬಹಳ ದಿನ ಬಳಸದ ಫೋನ್ ಉಪಗ್ರಹ ಹುಡುಕಲು ಹೊತ್ತು ತಗೊಳ್ಳುತ್ತೆ. ಲೋಹದ ಕವರ್, ಮ್ಯಾಗ್ನೆಟ್ ಹೋಲ್ಡರ್ ಇದ್ದರೆ ತೆಗೆಯಿರಿ. ಗೂಗಲ್ ಮ್ಯಾಪ್ಸ್‌ನಲ್ಲಿ ನೀಲಿ ಚುಕ್ಕೆಯ ಸುತ್ತಲಿನ ವೃತ್ತ ಸಣ್ಣದಾದ ಮೇಲೆ ಸಮೀಕ್ಷೆಯ ಆ್ಯಪ್ ತೆರೆಯಿರಿ. ಬಯಲಲ್ಲೂ ವೃತ್ತ ದೊಡ್ಡದಾಗೇ ಉಳಿದರೆ ಫೋನಿನ ಆಂಟೆನಾದ್ದೇ ತಪ್ಪು. ಆ ಒಂದು ಕೆಲಸಕ್ಕೆ ಮನೆಯ ಬೇರೆ ಫೋನ್ ಒಯ್ಯಿರಿ, ರಿಪೇರಿ ಖರ್ಚು ದಂಡ.

ಕೊನೆಗೂ ಅಂಗಡಿಗೇ ಕೊಡಬೇಕಾದರೆ

ಬ್ಯಾಟರಿ ಉಬ್ಬಿದ್ದು, ಡಿಸ್‌ಪ್ಲೇ ಹೋಗಿದ್ದು, ಪೋರ್ಟ್ ಸಡಿಲ ಆಗಿದ್ದು, ಐಎಂಇಐ ಖಾಲಿ ಇದ್ದದ್ದು, ಇವು ಮನೆಯಲ್ಲಿ ಬಿಚ್ಚುವ ಕೆಲಸ ಅಲ್ಲ. ಕೊಡುವ ಮೊದಲು ಫೋಟೋ ನಕಲು ಮಾಡಿ, ಸಿಮ್ ಮತ್ತು ಮೆಮೊರಿ ಕಾರ್ಡ್ ತೆಗೆದುಕೊಳ್ಳಿ. ಬ್ಯಾಟರಿ ಬದಲಾಯಿಸಲು ಲಾಕ್ ಪಿನ್ ಬೇಕಾಗಿಲ್ಲ, ಕೇಳಿದರೆ ಯಾಕೆ ಅಂತ ಕೇಳಿ. ಸ್ಯಾಮ್‌ಸಂಗ್‌ನ ಹೊಸ ಫೋನ್‌ಗಳಲ್ಲಿ ಮೇಂಟೆನನ್ಸ್ ಮೋಡ್ ಇದೆ, ಅದನ್ನು ಆನ್ ಮಾಡಿ ಕೊಟ್ಟರೆ ಒಳಗಿನದು ಯಾರಿಗೂ ಕಾಣಲ್ಲ. ಖರ್ಚು ಎಷ್ಟು ಅಂತ ಬಿಚ್ಚುವ ಮೊದಲೇ ಹೇಳಿಸಿ, ಅದಕ್ಕಿಂತ ಜಾಸ್ತಿ ಆಗುವುದಾದರೆ ಕೇಳಿ ಮುಂದುವರಿಯಲಿ. ಅದೇ ಮಾದರಿಯ ಹಳೇ ಫೋನಿಗೆ ಈಗ ಎಷ್ಟು ಬೆಲೆ ಇದೆ ಅಂತಲೂ ವಿಚಾರಿಸಿ, ರಿಪೇರಿ ಅದರ ಅರ್ಧ ದಾಟಿದರೆ ನಾನಂತೂ ಮಾಡಿಸಬೇಡಿ ಅನ್ನುತ್ತೇನೆ. ವಾಪಸ್ ತಗೊಳ್ಳುವಾಗ ಅಲ್ಲೇ ನಿಂತು ಒಂದು ಕರೆ ಮಾಡಿ, ಕ್ಯಾಮೆರಾ ತೆರೆಯಿರಿ, ಚಾರ್ಜಿಗೆ ಹಾಕಿ ನೋಡಿ. ತೆಗೆದ ಹಳೇ ಬ್ಯಾಟರಿಯನ್ನು ಮನೆಗೆ ತಂದು ಕಸದ ಬುಟ್ಟಿಗೆ ಹಾಕಬೇಡಿ, ಅವರಲ್ಲೇ ಬಿಡಿ.